ಕಟ್ಟಿಹಾಕದ ಕುರ್ಚಿಗಳ ಉದ್ಯಾನ

ನ್ಯೂಯಾರ್ಕ್ ಎಂದೊಡನೆ ಕಣ್ಣ ಮುಂದೆ ಬರುವುದು ಮುಗಿಲೆತ್ತರದ ಕಟ್ಟಡಗಳು, ಹಳದಿ ಟ್ಯಾಕ್ಸಿಗಳು, ಸದಾ ಅವಸರದಲ್ಲಿರುವ ಜನ. ಆ ಅವಸರದ ಊರಿನ ನಟ್ಟನಡುವೆ, ಮ್ಯಾನ್‌ಹಟನ್ ಭಾಗದ 42ನೇ ಬೀದಿಯ ಪಕ್ಕದಲ್ಲಿ, ಬರೀ ಕೂರುವುದಕ್ಕೆಂದೇ ಜನ ಹುಡುಕಿಕೊಂಡು ಬರುವ ಜಾಗವೊಂದಿದೆ. ಅದರ ಹೆಸರು ಬ್ರಯಂಟ್ ಪಾರ್ಕ್.

ಐದನೇ ಮತ್ತು ಆರನೇ ಅವೆನ್ಯೂಗಳ ನಡುವೆ, ನಗರದ ಹೆಸರಾಂತ ಸಾರ್ವಜನಿಕ ಗ್ರಂಥಾಲಯದ ಬೆನ್ನಿಗೆ ಈ ಉದ್ಯಾನವಿದೆ. ನಡುವೆ ದೊಡ್ಡದೊಂದು ಹುಲ್ಲುಹಾಸು. ಅದರ ಎರಡೂ ಬದಿಗೆ ಸಾಲಾಗಿ ನಿಂತ ಪ್ಲೇನ್ ಮರಗಳು. ಮರಗಳ ಕೆಳಗೆ ಸಣ್ಣ ಜಲ್ಲಿ ಹಾಸಿದ ಕಾಲುದಾರಿಗಳು. ಸುತ್ತಲೂ ಗೋಡೆ ಕಟ್ಟಿದಂತೆ ಎದ್ದು ನಿಂತ ಕಚೇರಿ ಕಟ್ಟಡಗಳು. ಬಿಸಿಲಿನ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಈ ಕಟ್ಟಡಗಳಿಂದ ಇಳಿದು ಬರುವ ನೌಕರರು, ಗ್ರಂಥಾಲಯದಿಂದ ಹೊರಬರುವ ವಿದ್ಯಾರ್ಥಿಗಳು, ಮಕ್ಕಳನ್ನು ಕರೆತಂದ ತಾಯಂದಿರು, ಚದುರಂಗದ ಮಣೆ ಹರವಿಕೊಂಡ ಹಿರಿಯರು ಎಲ್ಲರೂ ಇಲ್ಲಿ ಸೇರುತ್ತಾರೆ.

ಅವರು ಕೂರುವುದು ಹಸಿರು ಬಣ್ಣದ, ಮಡಿಸಿ ಎತ್ತಿಡಬಹುದಾದ ಹಗುರವಾದ ಕುರ್ಚಿಗಳ ಮೇಲೆ. ಉದ್ಯಾನದ ತುಂಬ ಇಂಥ ಸಾವಿರಾರು ಕುರ್ಚಿಗಳಿವೆ. ಯಾವುದನ್ನೂ ನೆಲಕ್ಕೆ ಹೂತಿಲ್ಲ, ಯಾವುದಕ್ಕೂ ಸರಪಳಿ ಬಿಗಿದಿಲ್ಲ. ಬಾಡಿಗೆಯಿಲ್ಲ, ಚೀಟಿಯಿಲ್ಲ, ಕಾಫಿ ಕೊಳ್ಳಲೇಬೇಕೆಂಬ ಕಟ್ಟಳೆಯೂ ಇಲ್ಲ. ಚಳಿಯಾದರೆ ಬಿಸಿಲಿಗೆ ಎಳೆದುಕೊಳ್ಳಬಹುದು, ಸೆಕೆಯಾದರೆ ನೆರಳಿಗೆ. ನಾಲ್ವರು ಗೆಳತಿಯರು ಬಂದರೆ ನಾಲ್ಕು ಕುರ್ಚಿ ದುಂಡಗೆ ಜೋಡಿಸಿಕೊಂಡು ಹರಟುತ್ತಾರೆ. ಒಬ್ಬನೇ ಬಂದವನು ಒಂದು ಕುರ್ಚಿಯಲ್ಲಿ ಕೂತು ಇನ್ನೊಂದರ ಮೇಲೆ ಕಾಲು ಚಾಚುತ್ತಾನೆ.

ನಗರದ ನಡುವೆ ಹೀಗೆ ಸಾವಿರಾರು ಕುರ್ಚಿಗಳನ್ನು ಬಿಟ್ಟರೆ ಸಂಜೆಯೊಳಗೆ ಮಾಯವಾಗುವುದಿಲ್ಲವೇ? ಯಾರಿಗಾದರೂ ಬರುವ ಸಂಶಯವಿದು. ನ್ಯೂಯಾರ್ಕಿನ ಅಧಿಕಾರಿಗಳಿಗೂ ಬಂದಿತ್ತು. ಅದರಲ್ಲೂ ಈ ಉದ್ಯಾನದ ಹಿಂದಿನ ಕಥೆ ತಿಳಿದವರಿಗೆ ಇದು ಹುಚ್ಚು ಸಾಹಸವೆಂದೇ ತೋರಿದ್ದರೆ ಆಶ್ಚರ್ಯವಿಲ್ಲ.

ಮರೆಯಾದ ತೋಟ

ಬ್ರಯಂಟ್ ಪಾರ್ಕ್ ಇರುವ ನೆಲ ಹಲವು ರೂಪಗಳನ್ನು ಕಂಡಿದೆ. 1823ರಿಂದ 1840ರವರೆಗೆ ಅದು ದಿಕ್ಕಿಲ್ಲದ ಬಡವರನ್ನು ಹೂಳುವ ಜಾಗ. ಈಗ ಗ್ರಂಥಾಲಯವಿರುವಲ್ಲಿ 1842ರಲ್ಲಿ ನಗರಕ್ಕೆ ಕುಡಿಯುವ ನೀರು ಕೊಡುವ ದೊಡ್ಡ ಜಲಾಗಾರ ಎದ್ದಿತು. ಪಕ್ಕದ ಬಯಲಿನಲ್ಲಿ 1853ರಲ್ಲಿ ಗಾಜು ಮತ್ತು ಕಬ್ಬಿಣದ ಅರಮನೆ ಕಟ್ಟಿ ದೊಡ್ಡ ವಸ್ತುಪ್ರದರ್ಶನ ನಡೆಸಿದರು. ಆ ಗಾಜಿನ ಅರಮನೆ 1858ರಲ್ಲಿ ಬೆಂಕಿಗೆ ಆಹುತಿಯಾಯಿತು. 1884ರಲ್ಲಿ ಕವಿಯೂ ಪತ್ರಿಕಾ ಸಂಪಾದಕರೂ ಆಗಿದ್ದ ವಿಲಿಯಂ ಕಲನ್ ಬ್ರಯಂಟ್ ಅವರ ಹೆಸರನ್ನು ಈ ಜಾಗಕ್ಕೆ ಇಟ್ಟರು. 1911ರಲ್ಲಿ ಪಕ್ಕದ ಗ್ರಂಥಾಲಯದ ಬಾಗಿಲು ತೆರೆಯಿತು.

1934ರಲ್ಲಿ ನಗರದ ಉದ್ಯಾನಗಳ ಮುಖ್ಯಸ್ಥ ರಾಬರ್ಟ್ ಮೋಸೆಸ್ ಕಾಲದಲ್ಲಿ ಇದನ್ನು ಹೊಸದಾಗಿ ರೂಪಿಸಲಾಯಿತು. ಬೀದಿಯ ಗದ್ದಲದಿಂದ ದೂರವಾದ ಪ್ರಶಾಂತ ತಾಣವೊಂದನ್ನು ಜನರಿಗೆ ಕೊಡಬೇಕೆಂಬುದು ಆಗಿನ ಉದ್ದೇಶ. ಅದಕ್ಕಾಗಿ ಉದ್ಯಾನವನ್ನು ಬೀದಿಯ ಮಟ್ಟಕ್ಕಿಂತ ಸುಮಾರು ನಾಲ್ಕು ಅಡಿ ಎತ್ತರಿಸಿದರು. ಸುತ್ತ ಗೋಡೆ, ಕಬ್ಬಿಣದ ಬೇಲಿ, ದಟ್ಟ ಪೊದೆಗಳ ಸಾಲು ಬಂದವು. ಒಳಗೆ ಹೋಗಲು ಕೆಲವೇ ಕಿರಿದಾದ ದಾರಿಗಳು ಉಳಿದವು. ನಕ್ಷೆಯಲ್ಲಿ ಅದು ಬಹಳ ಸುಂದರವಾಗಿತ್ತು.

ಆದರೆ ಬೀದಿಯಲ್ಲಿ ನಡೆದುಹೋಗುವವರಿಗೆ ಒಳಗೆ ಏನಿದೆ ಎಂಬುದು ಕಾಣಿಸದಾಯಿತು. ಕಾಣಿಸದ ಜಾಗಕ್ಕೆ ಜನ ಹೋಗಲು ಹಿಂಜರಿದರು. ಜನ ಹೋಗದಿದ್ದಾಗ ಅಂಥ ಮರೆಯನ್ನೇ ಬಯಸುವವರು ಬಂದರು. 1970ರ ದಶಕದ ಹೊತ್ತಿಗೆ ಬ್ರಯಂಟ್ ಪಾರ್ಕ್ ಮಾದಕ ವಸ್ತು ಮಾರುವವರ ಬಿಡಾರವಾಗಿತ್ತು. ಹಾಡಹಗಲಿನಲ್ಲಿಯೂ ಹೆಂಗಸರು ಅದನ್ನು ಬಳಸಿಕೊಂಡು ಹೋಗುತ್ತಿದ್ದರು. ಪಕ್ಕದ ಗ್ರಂಥಾಲಯಕ್ಕೆ ಓದಲು ಬರುವವರಿಗೂ ಅದು ಭಯದ ಜಾಗ.

ಇಂಥ ಸಂದರ್ಭದಲ್ಲಿ ಯಾವ ಊರಿನಲ್ಲಾದರೂ ಹೊಳೆಯುವ ಉಪಾಯ ಒಂದೇ. ಬೇಲಿ ಇನ್ನಷ್ಟು ಎತ್ತರಿಸು, ಗೇಟಿಗೆ ಬೀಗ ಹಾಕು, ಬೆಂಚುಗಳನ್ನು ಕಿತ್ತುಹಾಕು. ಕೂರಲು ಜಾಗವೇ ಇಲ್ಲದಿದ್ದರೆ ಕೆಟ್ಟವರು ಎಲ್ಲಿ ಕೂರುತ್ತಾರೆ? ಆದರೆ ಒಬ್ಬ ವ್ಯಕ್ತಿ ಇದಕ್ಕೆ ತದ್ವಿರುದ್ಧವಾದ ಸಲಹೆ ಕೊಟ್ಟರು.

ಕಟ್ಟಡದ ಮೇಲಿಂದ ನೋಡಿದವರು

ಅವರು ವಿಲಿಯಂ ಎಚ್. ವೈಟ್ (1917–1999). ವೃತ್ತಿಯಿಂದ ವಾಸ್ತುಶಿಲ್ಪಿಯೂ ಅಲ್ಲ, ಎಂಜಿನಿಯರೂ ಅಲ್ಲ, ಪತ್ರಕರ್ತ. ‘ಫಾರ್ಚೂನ್’ ಪತ್ರಿಕೆಯ ಸಂಪಾದಕ ಬಳಗದಲ್ಲಿದ್ದವರು. ದೊಡ್ಡ ಕಂಪೆನಿಗಳ ನೌಕರರ ಬದುಕಿನ ಬಗ್ಗೆ 1956ರಲ್ಲಿ ಬರೆದ ಪುಸ್ತಕದಿಂದ ಹೆಸರು ಮಾಡಿದ್ದರು. ಮುಂದೆ ನ್ಯೂಯಾರ್ಕ್ ನಗರ ಯೋಜನಾ ಆಯೋಗದ ಕೆಲಸದಲ್ಲಿ ತೊಡಗಿದ್ದಾಗ ಅವರಿಗೊಂದು ವಿಚಿತ್ರ ಸಂಗತಿ ಕಣ್ಣಿಗೆ ಬಿತ್ತು.

1961ರಲ್ಲಿ ನಗರವು ಒಂದು ನಿಯಮ ತಂದಿತ್ತು. ಕಟ್ಟಡ ಕಟ್ಟುವವರು ತಮ್ಮ ನಿವೇಶನದಲ್ಲಿ ಒಂದು ಚದರ ಅಡಿಯಷ್ಟು ಜಾಗವನ್ನು ಸಾರ್ವಜನಿಕರಿಗೆಂದು ತೆರೆದು ಬಿಟ್ಟರೆ, ಅದಕ್ಕೆ ಪ್ರತಿಯಾಗಿ ಕಟ್ಟಡದಲ್ಲಿ ಹತ್ತು ಚದರ ಅಡಿ ಹೆಚ್ಚುವರಿ ಮಹಡಿ ಜಾಗ ಕಟ್ಟಿಕೊಳ್ಳಬಹುದು. ಇಂಥ ಲಾಭವನ್ನು ಯಾರು ಬಿಟ್ಟಾರು? ನಗರದ ತುಂಬ ಕಟ್ಟಡಗಳ ಮುಂದೆ ನುಣುಪು ಕಲ್ಲಿನ ಅಂಗಳಗಳು ತೆರೆದುಕೊಂಡವು. ಆದರೆ ಅವುಗಳಲ್ಲಿ ಹೆಚ್ಚಿನವು ಬಿಕೋ ಎನ್ನುತ್ತಿದ್ದವು. ಕೆಲವೇ ಕೆಲವು ಮಾತ್ರ ಜನರಿಂದ ತುಂಬಿ ತುಳುಕುತ್ತಿದ್ದವು. ಈ ವ್ಯತ್ಯಾಸಕ್ಕೆ ಕಾರಣವೇನು?

ತಜ್ಞರನ್ನು ಕೇಳುವ ಬದಲು ಜನರನ್ನೇ ನೋಡಬೇಕೆಂದು ವೈಟ್ ನಿರ್ಧರಿಸಿದರು. ಯುವ ಸಹಾಯಕರ ಪುಟ್ಟ ತಂಡ ಕಟ್ಟಿಕೊಂಡು 1970ರ ದಶಕದ ಆರಂಭದಲ್ಲಿ ಕೆಲಸಕ್ಕಿಳಿದರು. ಅಂಗಳಗಳು ಚೆನ್ನಾಗಿ ಕಾಣುವಂಥ ಎತ್ತರದ ಜಾಗಗಳಲ್ಲಿ ಕ್ಯಾಮೆರಾ ಇಟ್ಟು, ಸ್ವಲ್ಪ ಸ್ವಲ್ಪ ಹೊತ್ತಿಗೊಂದರಂತೆ ದಿನವಿಡೀ ಚಿತ್ರ ತೆಗೆದರು. ಕೈಯಲ್ಲಿ ಅಂಗಳದ ನಕ್ಷೆ ಹಿಡಿದು ಯಾರು ಎಲ್ಲಿ ಕೂತರು, ಎಷ್ಟು ಹೊತ್ತು ಕೂತರು, ಒಬ್ಬರೇ ಬಂದರೋ ಜೊತೆಯಲ್ಲಿ ಬಂದರೋ, ಗಂಡಸರೆಷ್ಟು, ಹೆಂಗಸರೆಷ್ಟು ಎಂದು ಗುರುತು ಹಾಕಿಕೊಂಡರು.

ಮೊದಲು ಅವರು ಊಹಿಸಿದ್ದು ಬಿಸಿಲೇ ಕಾರಣವಿರಬಹುದೆಂದು. ಲೆಕ್ಕ ಹಾಕಿದಾಗ ಅದು ಪೂರ್ತಿ ಹೊಂದಲಿಲ್ಲ. ಅಂಗಳದ ಅಂದಚೆಂದವೇ? ಅದೂ ಅಲ್ಲ. ವಿಸ್ತಾರವೇ? ದೊಡ್ಡ ಅಂಗಳಗಳು ಖಾಲಿಯಿದ್ದು ಚಿಕ್ಕವು ತುಂಬಿರುವುದೂ ಉಂಟು. ಕೊನೆಗೆ ಸಿಕ್ಕ ಉತ್ತರ ಕೇಳಿದರೆ ನಗು ಬರುವಷ್ಟು ಸರಳ. ಎಲ್ಲಿ ಆರಾಮವಾಗಿ ಕೂರಲು ಹೆಚ್ಚು ಜಾಗವಿತ್ತೋ ಅಲ್ಲಿ ಜನ ಇದ್ದರು. ಕೋಟಿಗಟ್ಟಲೆ ಹಣ ಸುರಿದು ಅಂಗಳ ಕಟ್ಟಿದವರಲ್ಲಿ ಬಹುಪಾಲು ಮಂದಿ ಕೂರುವ ವಿಚಾರವನ್ನೇ ಮರೆತಿದ್ದರು. ಕೆಲವರಂತೂ ಬೇಕೆಂದೇ ಕಟ್ಟೆಗಳ ಮೇಲೆ ಕಬ್ಬಿಣದ ಮುಳ್ಳು ನೆಡಿಸಿದ್ದರು.

ವೈಟ್ ಕಂಡುಕೊಂಡ ಇನ್ನೊಂದು ವಿಷಯವೂ ಸ್ವಾರಸ್ಯಕರವಾದುದು. ನಗರದಲ್ಲಿ ಜನ ಏಕಾಂತ ಹುಡುಕುತ್ತಾರೆಂಬುದು ಎಲ್ಲರ ನಂಬಿಕೆ. ಕೇಳಿದರೆ ಅವರೂ ಹಾಗೆಯೇ ಹೇಳುತ್ತಾರೆ. ಆದರೆ ಚಿತ್ರಗಳು ಬೇರೆಯೇ ಕಥೆ ಹೇಳಿದವು. ಜನ ಜನರಿರುವಲ್ಲಿಗೇ ಹೋಗುತ್ತಿದ್ದರು. ಪರಿಚಿತರಿಬ್ಬರು ಎದುರಾದರೆ ಗೋಡೆಯ ಬದಿಗೆ ಸರಿಯದೆ, ಓಡಾಟದ ನಟ್ಟನಡುವೆಯೇ ನಿಂತು ಮಾತಾಡುತ್ತಿದ್ದರು. ಬೀದಿ ಹಾಡುಗಾರನೋ ಜಾದೂಗಾರನೋ ಬಂದರೆ ಒಬ್ಬರಿಗೊಬ್ಬರು ಗುರುತಿಲ್ಲದವರೂ ತಿರುಗಿ ಒಂದೆರಡು ಮಾತಾಡುತ್ತಿದ್ದರು. ಮನುಷ್ಯನಿಗೆ ಮನುಷ್ಯನನ್ನು ನೋಡುವುದೇ ದೊಡ್ಡ ಹಬ್ಬ. ಜಾತ್ರೆ ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಕಟ್ಟೆ, ಒಂದು ಜಲಪಾತ

ಜನ ತುಂಬಿದ್ದ ಅಂಗಳಗಳಲ್ಲಿ ಒಂದು ಪಾರ್ಕ್ ಅವೆನ್ಯೂವಿನ ಸೀಗ್ರಮ್ ಕಟ್ಟಡದ್ದು. ಪ್ರಸಿದ್ಧ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಅವರು ಫಿಲಿಪ್ ಜಾನ್ಸನ್ ಜೊತೆಗೂಡಿ ರೂಪಿಸಿದ ಈ ಕಟ್ಟಡ 1958ರಲ್ಲಿ ಮುಗಿಯಿತು. ಬೀದಿಯಿಂದ ಹಿಂದಕ್ಕೆ ಸರಿದು ನಿಂತ ಕಟ್ಟಡ. ಮುಂದೆ ವಿಶಾಲ ಅಂಗಳ. ಎರಡೂ ಅಂಚಿಗೆ ಉದ್ದನೆಯ ಅಮೃತಶಿಲೆಯ ಕಟ್ಟೆ. ಆ ಕಟ್ಟೆಯ ಮೇಲೆ ಜನ ಬಂದು ಕೂರುತ್ತಾರೆಂದು ಅದನ್ನು ರೂಪಿಸಿದವರು ಎಣಿಸಿಯೇ ಇರಲಿಲ್ಲ. ಆದರೆ ಕಟ್ಟೆ ಕೂರುವ ಎತ್ತರಕ್ಕಿತ್ತು, ಅಗಲವಾಗಿತ್ತು, ಮುಂದೆ ಬೀದಿಯ ನೋಟವಿತ್ತು. ಜನಕ್ಕೆ ಅಷ್ಟು ಸಾಕಾಯಿತು. ಅದು ಬೀದಿಯ ಜಗಲಿಯಾಗಿಬಿಟ್ಟಿತು.

ಎರಡನೆಯದು 53ನೇ ಬೀದಿಯ ಪೇಲಿ ಪಾರ್ಕ್. ಅಗಲ 42 ಅಡಿ, ಉದ್ದ 100 ಅಡಿ. ಬೆಂಗಳೂರಿನ ಅರುವತ್ತು–ನಲವತ್ತರ ಎರಡು ಸೈಟು ಸೇರಿಸಿದರೆ ಇದಕ್ಕಿಂತ ದೊಡ್ಡದಾಗುತ್ತದೆ. ದೂರದರ್ಶನ ಉದ್ಯಮಿ ವಿಲಿಯಂ ಪೇಲಿ ತಮ್ಮ ತಂದೆಯ ನೆನಪಿಗೆ ಕಟ್ಟಿಸಿ 1967ರಲ್ಲಿ ತೆರೆದದ್ದು. ಹಿಂದಿನ ಗೋಡೆಯುದ್ದಕ್ಕೂ 20 ಅಡಿ ಎತ್ತರದಿಂದ ನೀರು ಇಳಿಯುತ್ತದೆ. ಆ ಸದ್ದಿನಲ್ಲಿ ವಾಹನಗಳ ಗದ್ದಲ ಮುಳುಗಿಹೋಗುತ್ತದೆ. ಮೇಲೆ ತೆಳುವಾದ ಎಲೆಗಳ ಮರಗಳ ಚಪ್ಪರ. ಬಾಯಾಡಿಸಲು ಪುಟ್ಟ ತಿಂಡಿ ಅಂಗಡಿ. ಕೂರಲು ಎಲ್ಲಿಗೆ ಬೇಕೋ ಅಲ್ಲಿಗೆ ಎಳೆದುಕೊಳ್ಳಬಹುದಾದ ಕುರ್ಚಿಗಳು.

ಈ ಕುರ್ಚಿಗಳ ಬಳಿ ವೈಟ್ ಒಂದು ಚೋದ್ಯವನ್ನು ಗಮನಿಸಿದರು. ಕೂರಲು ಬಂದವರು ಕುರ್ಚಿಯನ್ನು ಹಿಡಿದು ನಾಲ್ಕಾರು ಇಂಚು ಅತ್ತ ಇತ್ತ ಸರಿಸಿಯೇ ಕೂರುತ್ತಾರೆ. ಕೆಲವೊಮ್ಮೆ ಸರಿಸಿ ಸರಿಸಿ ಮೊದಲಿದ್ದಲ್ಲಿಗೇ ತಂದು ಕೂರುತ್ತಾರೆ. ಏನು ಪ್ರಯೋಜನ? ಪ್ರಯೋಜನ ಇದೆ. ‘ಇಲ್ಲಿ ಕೂರುವುದು ನನ್ನ ತೀರ್ಮಾನ’ ಎಂಬ ಭಾವನೆ ಅದರಲ್ಲಿದೆ. ಪಕ್ಕದಲ್ಲಿ ಅಪರಿಚಿತರಿದ್ದರೆ ಒಂದಿಷ್ಟು ಸರಿಸಿ ಕೂತಾಗ ‘ನಿಮಗೆ ತೊಂದರೆ ಕೊಡುವುದಿಲ್ಲ’ ಎಂದು ಬಾಯಿಬಿಡದೆ ಹೇಳಿದಂತಾಗುತ್ತದೆ. ನೆಲಕ್ಕೆ ಬಿಗಿದ ಬೆಂಚಿನಲ್ಲಿ ಈ ಸೌಜನ್ಯಕ್ಕೆ ಅವಕಾಶವಿಲ್ಲ. ಅಲ್ಲಿ ಎಷ್ಟು ಹತ್ತಿರ, ಎಷ್ಟು ದೂರ ಎಂಬುದನ್ನು ಬೆಂಚು ಮಾಡಿದವನು ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾನೆ.

ಇಂಚುಗಳ ಲೆಕ್ಕ

ವೈಟ್ ತಂಡದ ಶ್ರಮ ವ್ಯರ್ಥವಾಗಲಿಲ್ಲ. 1975ರಲ್ಲಿ ನ್ಯೂಯಾರ್ಕ್ ತನ್ನ ನಿಯಮವನ್ನು ತಿದ್ದಿತು. ಹೆಚ್ಚುವರಿ ಮಹಡಿ ಬೇಕೆನ್ನುವವರು ಅಂಗಳದ ಪ್ರತಿ 30 ಚದರ ಅಡಿಗೆ ಒಂದು ಅಡಿ ಉದ್ದದ ಆಸನ ಒದಗಿಸಬೇಕು. ಆಸನದ ಎತ್ತರ ಒಂದು ಅಡಿಗಿಂತ ಕಡಿಮೆಯಿರಬಾರದು, ಮೂರು ಅಡಿ ಮೀರಬಾರದು. ಅಗಲ ಕನಿಷ್ಠ 16 ಇಂಚು. ಎರಡೂ ಬದಿಯಿಂದ ಕೂರುವಂತಿದ್ದರೆ 30 ಇಂಚು. ಅಂಗಳವು ಬೀದಿಗಿಂತ ಮೂರು ಅಡಿಗೂ ಹೆಚ್ಚು ಮೇಲಿರಬಾರದು, ಕೆಳಗೂ ಇರಬಾರದು.

ಈ ಅಂಕಿಗಳನ್ನು ಓದುವಾಗ ಯಾವುದೋ ಕಚೇರಿಯ ಕಾಗದದಂತೆ ತೋರಬಹುದು. ಆದರೆ ಪ್ರತಿ ಅಂಕಿಯ ಹಿಂದೆಯೂ ಮನುಷ್ಯನ ಮೈಯಿದೆ. 30 ಇಂಚು ಎಂದರೆ ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಒಬ್ಬರಿಗೊಬ್ಬರು ತಾಗದೆ ಕೂರಲು ಬೇಕಾದ ಅಗಲ. ಕಟ್ಟೆಯನ್ನು ಕೆಲವೇ ಇಂಚು ಕಿರಿದು ಮಾಡಿದರೆ ಒಂದು ಬದಿಯ ಜನ ಇಲ್ಲವಾಗುತ್ತಾರೆ. ಬೀದಿಗಿಂತ ಬಹಳ ಎತ್ತರದಲ್ಲೋ ತಗ್ಗಿನಲ್ಲೋ ಇರುವ ಅಂಗಳ ದಾರಿಹೋಕರ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದ್ದಕ್ಕೆ ಕಾಲು ಹೋಗುವುದಿಲ್ಲ. 1980ರಲ್ಲಿ ಈ ಎಲ್ಲ ಸಂಗತಿಗಳನ್ನು ವೈಟ್ ಒಂದು ಚಿಕ್ಕ ಪುಸ್ತಕವಾಗಿ ತಂದರು. ಅದೇ ಹೆಸರಿನ ಚಲನಚಿತ್ರವೂ ತಯಾರಾಯಿತು.

ಬೇಲಿಯ ಬದಲು ಬಾಗಿಲು

ಬ್ರಯಂಟ್ ಪಾರ್ಕಿನ ಬಗ್ಗೆ ಸಲಹೆ ಕೇಳಿದಾಗ ವೈಟ್ ಕೊಟ್ಟ ಉತ್ತರ ಈ ಅನುಭವದಿಂದ ಬಂದದ್ದು. ಮಾದಕ ವಸ್ತು ಮಾರುವವರು ರೋಗವಲ್ಲ, ರೋಗದ ಲಕ್ಷಣ. ಒಳ್ಳೆಯ ಜನ ಬಾರದಿರುವುದೇ ನಿಜವಾದ ರೋಗ ಎಂಬುದು ಅವರ ವಾದದ ತಿರುಳು. ಆದ್ದರಿಂದ ಬೇಲಿ ಎತ್ತರಿಸುವುದಲ್ಲ, ತೆಗೆಯುವುದು. ಪೊದೆ ಕಡಿಯುವುದು. ದಾರಿಗಳನ್ನು ಅಗಲಿಸುವುದು, ಹೊಸವನ್ನು ತೆರೆಯುವುದು. ತಿಂಡಿ ತೀರ್ಥಕ್ಕೆ ವ್ಯವಸ್ಥೆ ಮಾಡುವುದು. ಕೂರಲು ಧಾರಾಳವಾಗಿ ಜಾಗ ಕೊಡುವುದು.

ಉದ್ಯಾನವನ್ನು ಸುಧಾರಿಸಲು 1980ರಲ್ಲಿ ಒಂದು ಸಂಸ್ಥೆ ಹುಟ್ಟಿಕೊಂಡಿತು. ಡ್ಯಾನ್ ಬೀಡರ್‌ಮನ್ ಅದರ ಚುಕ್ಕಾಣಿ ಹಿಡಿದರು. ಭೂದೃಶ್ಯ ವಿನ್ಯಾಸಕಾರ ಲಾರಿ ಓಲಿನ್ ಹೊಸ ರೂಪ ಕೊಡುವ ಹೊಣೆ ಹೊತ್ತರು. 1988ರಲ್ಲಿ ಮುಚ್ಚಿದ ಉದ್ಯಾನ 1992ರಲ್ಲಿ ಮತ್ತೆ ತೆರೆಯಿತು. ಅಷ್ಟರಲ್ಲಿ ಪಕ್ಕದ ಗ್ರಂಥಾಲಯವು ಹುಲ್ಲುಹಾಸಿನ ಕೆಳಗೆ ನೆಲಮಾಳಿಗೆ ತೋಡಿ ಪುಸ್ತಕ ಭಂಡಾರ ಮಾಡಿಕೊಂಡಿತ್ತು. ಹೀಗಾಗಿ ಹುಲ್ಲಿನ ಮೇಲೆ ಕೂತವರ ಕೆಳಗೆ ಈಗ ಲಕ್ಷಗಟ್ಟಲೆ ಪುಸ್ತಕಗಳಿವೆ.

ಹೊಸ ಉದ್ಯಾನದಲ್ಲಿ ಹೂವಿನ ಪಾತಿಗಳು ಬಂದವು. ರಾತ್ರಿ ಬೆಳಕು ಚೆನ್ನಾಯಿತು. ಶೌಚಾಲಯ ಎಷ್ಟು ಅಚ್ಚುಕಟ್ಟೆಂದರೆ ಅದರೊಳಗೂ ತಾಜಾ ಹೂಗಳನ್ನು ಇಡುವ ಪದ್ಧತಿ ಬೆಳೆಯಿತು. ಎಲ್ಲಕ್ಕಿಂತ ಮುಖ್ಯವಾಗಿ ಕಟ್ಟಿಹಾಕದ ಆ ಹಸಿರು ಕುರ್ಚಿಗಳು ಬಂದವು. ಕೆಲವು ಕಳವಾದದ್ದೂ ಉಂಟು, ಮುರಿದದ್ದೂ ಉಂಟು. ಆದರೆ ಸರಪಳಿ ಬಿಗಿಯುವ ಪ್ರಮೇಯ ಬರಲಿಲ್ಲ. ಸುತ್ತ ನೂರಾರು ಜನ ಕೂತಿರುವಾಗ ಕುರ್ಚಿ ಹೊತ್ತುಕೊಂಡು ಹೋಗುವುದು ಅಷ್ಟು ಸುಲಭವೂ ಅಲ್ಲ. ಜನರೇ ಕಾವಲು.

ಒಂದು ಸಾರ್ವಜನಿಕ ಜಾಗ ಆರೋಗ್ಯವಾಗಿದೆಯೇ ಎಂದು ತಿಳಿಯಲು ವೈಟ್ ಒಂದು ಸುಲಭದ ಅಳತೆಗೋಲು ಕೊಟ್ಟಿದ್ದರು: ಅಲ್ಲಿ ಹೆಂಗಸರೆಷ್ಟು ಮಂದಿ ಇದ್ದಾರೆ ನೋಡಿ. ಎಲ್ಲಿ ಕೂರಬೇಕೆಂಬ ವಿಷಯದಲ್ಲಿ ಹೆಂಗಸರು ಗಂಡಸರಿಗಿಂತ ಹೆಚ್ಚು ಯೋಚಿಸುತ್ತಾರೆ. ಅವರು ನಿಶ್ಚಿಂತೆಯಿಂದ ಕೂತಿದ್ದರೆ ಆ ಜಾಗ ಎಲ್ಲರಿಗೂ ಒಳ್ಳೆಯದು. ಒಂದು ಕಾಲಕ್ಕೆ ಹೆಂಗಸರು ದೂರದಿಂದಲೇ ಬಳಸಿ ಹೋಗುತ್ತಿದ್ದ ಬ್ರಯಂಟ್ ಪಾರ್ಕಿನಲ್ಲಿ ಇಂದು ಅವರು ಒಬ್ಬೊಬ್ಬರೇ ಬಂದು, ಪುಸ್ತಕ ತೆರೆದು, ಗಂಟೆಗಟ್ಟಲೆ ಕೂರುತ್ತಾರೆ.

ಮರದಡಿಯ ಓದುಕೋಣೆ

ವಿದ್ಯಾರ್ಥಿಗಳು ಗಮನಿಸಬೇಕಾದ ಮೂಲೆಯೊಂದು ಉದ್ಯಾನದ 42ನೇ ಬೀದಿಯ ಬದಿಯಲ್ಲಿದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟು ಬಂದು ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಹಗಲೆಲ್ಲ ಹೋಗಲು ಜಾಗವಿಲ್ಲದೆ ಬೀದಿಯಲ್ಲಿ ಅಲೆಯುತ್ತಿದ್ದವರಿಗಾಗಿ 1935ರಲ್ಲಿ ಗ್ರಂಥಾಲಯವು ಇಲ್ಲಿ ಬಯಲು ಓದುಕೋಣೆಯೊಂದನ್ನು ತೆರೆಯಿತು. ಮರದಡಿಯಲ್ಲಿ ಬೆಂಚು, ಪಕ್ಕದಲ್ಲಿ ಪುಸ್ತಕ, ಪತ್ರಿಕೆಗಳು. ಅವನ್ನು ಪಡೆಯಲು ದುಡ್ಡು ಬೇಕಿರಲಿಲ್ಲ. ವಿಳಾಸ ಬೇಕಿರಲಿಲ್ಲ. ಗುರುತಿನ ಚೀಟಿಯೂ ಬೇಕಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅದು ನಿಂತುಹೋಯಿತು. 2003ರಲ್ಲಿ ಅದಕ್ಕೆ ಮತ್ತೆ ಜೀವ ಬಂತು.

ಕೆಲಸ ಕಳೆದುಕೊಂಡವನಿಗೆ ಮನೆಯಲ್ಲಿ ಕೂರುವುದು ನೋವು, ಬೀದಿಯಲ್ಲಿ ನಿಲ್ಲುವುದು ಅವಮಾನ. ಕೈಯಲ್ಲೊಂದು ಪುಸ್ತಕವಿದ್ದು ಕೂರಲೊಂದು ಜಾಗವಿದ್ದರೆ ಅವನು ‘ನಿರುದ್ಯೋಗಿ’ ಅಲ್ಲ, ‘ಓದುಗ’. ಒಂದು ಬೆಂಚಿಗೆ ಇಷ್ಟು ಶಕ್ತಿಯಿದೆ.

ಬೀದಿಯ ನಡುವೆ ಕುರ್ಚಿ

ಬ್ರಯಂಟ್ ಪಾರ್ಕಿನಿಂದ ಪಶ್ಚಿಮಕ್ಕೆ ಒಂದೇ ಬೀದಿ ದಾಟಿದರೆ ಟೈಮ್ಸ್ ಸ್ಕ್ವೇರ್. ಕಣ್ಣು ಕೋರೈಸುವ ಜಾಹೀರಾತುಗಳ ಆ ಚೌಕದಲ್ಲಿ ದಶಕಗಳ ಕಾಲ ನಡೆಯುವವರಿಗೇ ಜಾಗವಿರಲಿಲ್ಲ, ಇನ್ನು ಕೂರುವುದೆಲ್ಲಿ? 2008ರಲ್ಲಿ ನಾಟಕದ ಟಿಕೆಟ್ ಮಾರುವ ಗೂಡಿನ ಮೇಲ್ಭಾಗದಲ್ಲಿ 27 ಕೆಂಪು ಮೆಟ್ಟಿಲುಗಳನ್ನು ಕಟ್ಟಿದರು. ಏರಿಹೋದರೆ ಯಾವ ಬಾಗಿಲೂ ಇಲ್ಲ. ಕೂತು ನೋಡುವುದಕ್ಕಷ್ಟೇ ಆ ಮೆಟ್ಟಿಲುಗಳು.

ಮರುವರ್ಷ, ಅಂದರೆ 2009ರ ಮೇ ತಿಂಗಳ ಕೊನೆಯಲ್ಲಿ, ನಗರ ಸಾರಿಗೆ ಆಯುಕ್ತೆ ಜಾನೆಟ್ ಸಾದಿಕ್-ಖಾನ್ ಇನ್ನೂ ಧೈರ್ಯದ ಕೆಲಸ ಮಾಡಿದರು. ಅಲ್ಲಿ ಬ್ರಾಡ್‌ವೇ ರಸ್ತೆಯ ಕೆಲವು ಭಾಗವನ್ನೇ ವಾಹನಗಳಿಗೆ ಮುಚ್ಚಿಸಿದರು. ಶಾಶ್ವತ ಆಸನಗಳು ಸಿದ್ಧವಾಗಿರಲಿಲ್ಲ. ಕಡಲತೀರದಲ್ಲಿ ಬಳಸುವಂಥ ಅಗ್ಗದ ಮಡಿಸುವ ಕುರ್ಚಿಗಳನ್ನು ತಂದು ಡಾಂಬರಿನ ಮೇಲೆಯೇ ಹಾಕಿಸಿದರು. ಮೊನ್ನೆಯವರೆಗೆ ಟ್ಯಾಕ್ಸಿಗಳು ಓಡುತ್ತಿದ್ದ ಕಡೆ ಜನ ಕಾಲು ಚಾಚಿ ಕೂತರು. ಊರಲ್ಲಿ ಕುರ್ಚಿಗಳ ಚೆಂದ ಚೆಂದವಲ್ಲದ ಬಗ್ಗೆ ಚರ್ಚೆ ನಡೆಯಿತೇ ಹೊರತು ಮುಚ್ಚಿದ ರಸ್ತೆಯ ಬಗ್ಗೆ ಎದ್ದ ಗಲಾಟೆ ನಿರೀಕ್ಷಿಸಿದ್ದಕ್ಕಿಂತ ಕಡಿಮೆಯೇ. ಮುಂದೆ ಆ ಜಾಗಕ್ಕೆ ಕಲ್ಲುಹಾಸು, ಉದ್ದನೆಯ ಗ್ರಾನೈಟ್ ಬೆಂಚುಗಳು ಬಂದು 2017ರ ಹೊತ್ತಿಗೆ ಅದು ಕಾಯಂ ಆಯಿತು. ಮೊದಲು ಅಗ್ಗದ ಕುರ್ಚಿ ಹಾಕಿ ನೋಡು, ಜನ ಬಂದರೆ ಆಮೇಲೆ ಕಲ್ಲಿನಲ್ಲಿ ಕಟ್ಟು. ಈ ಕ್ರಮದಲ್ಲಿ ದೊಡ್ಡ ಜಾಣತನವಿದೆ.

ನಾಣ್ಯದ ಇನ್ನೊಂದು ಮುಖ

ಹಾಗೆಂದು ನ್ಯೂಯಾರ್ಕಿನಲ್ಲಿ ಎಲ್ಲವೂ ಸರಿಯಾಗಿದೆ ಎನ್ನುವಂತಿಲ್ಲ. ಬ್ರಯಂಟ್ ಪಾರ್ಕನ್ನು ನಡೆಸುವುದು ಖಾಸಗಿ ಸಂಸ್ಥೆ. ಸುತ್ತಲಿನ ಕಟ್ಟಡಗಳ ಶುಲ್ಕ, ಹೋಟೆಲುಗಳ ಬಾಡಿಗೆ, ಪ್ರಾಯೋಜಕರ ಹಣ ಇವುಗಳಿಂದ ಅದರ ಖರ್ಚು ನಡೆಯುತ್ತದೆ. ಹಣ ಕೊಟ್ಟವರ ಮಾತು ನಡೆಯುವುದೂ ಸಹಜ. 1993ರಿಂದ 2010ರವರೆಗೆ ವರ್ಷಕ್ಕೆರಡು ಬಾರಿ ಫ್ಯಾಷನ್ ಪ್ರದರ್ಶನದ ದೊಡ್ಡ ಡೇರೆಗಳು ಹುಲ್ಲುಹಾಸನ್ನು ಆಕ್ರಮಿಸಿಕೊಳ್ಳುತ್ತಿದ್ದವು. ಸಾರ್ವಜನಿಕರ ಅಂಗಳದಲ್ಲಿ ಆಹ್ವಾನ ಪತ್ರ ಇದ್ದವರಿಗೆ ಮಾತ್ರ ಪ್ರವೇಶ! ಕಾಫಿಗೆ ದುಡ್ಡಿರುವವರಿಗೆ ಒಪ್ಪುವಂತೆ ಉದ್ಯಾನವನ್ನು ತಿದ್ದಲಾಗಿದೆ, ಮನೆಯಿಲ್ಲದ ಬಡವರು ಎಲ್ಲಿಗೆ ಹೋಗಬೇಕು ಎಂದು ಕೇಳುವ ಸಮಾಜಶಾಸ್ತ್ರಜ್ಞರೂ ಇದ್ದಾರೆ. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಇದಕ್ಕಿಂತ ಕಠಿಣವಾದ ಉದಾಹರಣೆಗಳೂ ಇವೆ. ಮಲಗಲು ಬಾರದಂತೆ ನಡುನಡುವೆ ಕಬ್ಬಿಣದ ಕೈ ಹಾಕಿದ ಬೆಂಚುಗಳು ಜಗತ್ತಿನ ನಗರಗಳಲ್ಲೆಲ್ಲ ಕಾಣಸಿಗುತ್ತವೆ. ನ್ಯೂಯಾರ್ಕಿನಲ್ಲೇ 2021ರ ಜನವರಿ 1ರಂದು ತೆರೆದ ಮೊಯ್ನಿಹನ್ ರೈಲ್ವೆ ಸಭಾಂಗಣದ ಗಾಜಿನ ಮಾಡು ನೋಡುವವರನ್ನು ಬೆರಗುಗೊಳಿಸುತ್ತದೆ. ಆದರೆ ಆ ವಿಶಾಲ ಸಭಾಂಗಣದ ನಡುವೆ ಕೂರಲು ಬೆಂಚುಗಳನ್ನೇ ಇಡಲಿಲ್ಲ. ಟಿಕೆಟ್ ಇದ್ದವರಿಗೆ ಬೇರೆ ಕೋಣೆ. ಉಳಿದವರು ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ನೆಲದ ಮೇಲೆ ಕೂರಬೇಕಾಯಿತು. ಇದು ದೊಡ್ಡ ಟೀಕೆಗೆ ಗುರಿಯಾಯಿತು.

ಬೇಡದವರು ಕೂರದಿರಲಿ ಎಂದು ಬೆಂಚು ಕಿತ್ತರೆ ಮೊದಲು ತೊಂದರೆಯಾಗುವುದು ಯಾರಿಗೆ? ಮಂಡಿನೋವಿನ ಅಜ್ಜಿಗೆ, ಬಸುರಿ ಹೆಂಗಸಿಗೆ, ಕೈಗೂಸು ಎತ್ತಿಕೊಂಡ ತಾಯಿಗೆ, ಬಸ್ಸಿಗೆ ಕಾಯುವ ಶಾಲೆಯ ಮಕ್ಕಳಿಗೆ. ಬೇಡದವರೆಂದು ಯಾರನ್ನು ಎಣಿಸಲಾಗಿತ್ತೋ ಅವರು ಇನ್ನೊಂದು ಮೂಲೆ ಹುಡುಕಿಕೊಳ್ಳುತ್ತಾರೆ. ಜಾಗ ಕಳೆದುಕೊಳ್ಳುವುದು ಉಳಿದವರು.

ಕಟ್ಟೆ ಬಲ್ಲ ನಾಡಿಗೆ

ವೈಟ್ ಕ್ಯಾಮೆರಾ ಹಿಡಿದು ಕಂಡುಹಿಡಿದ ಎಷ್ಟೋ ಸಂಗತಿಗಳು ಕನ್ನಡ ನಾಡಿನ ಹಳ್ಳಿಗಳಿಗೆ ಹೊಸವಲ್ಲ. ಅರಳಿಮರದ ನೆರಳು, ಅದರ ಬುಡಕ್ಕೆ ಕೂರುವ ಎತ್ತರದ ಕಟ್ಟೆ, ಎದುರಿಗೆ ಹಾದುಹೋಗುವ ದಾರಿ, ಪಕ್ಕದಲ್ಲಿ ಪುಟ್ಟ ಅಂಗಡಿ. ಬೇಕಾದದ್ದೆಲ್ಲ ಅಲ್ಲಿತ್ತು. ಮನೆಯ ಮುಂದಿನ ಜಗಲಿ ಅರ್ಧ ಮನೆಯದು, ಅರ್ಧ ಬೀದಿಯದು. ಹರಟೆಕಟ್ಟೆ, ಸೋಮಾರಿಕಟ್ಟೆ ಎಂಬ ಮಾತುಗಳು ಹುಟ್ಟಿದ್ದೇ ಜನ ಸೇರುವ ಈ ಅಭ್ಯಾಸದಿಂದ. ಆದರೆ ಒಂದು ಕಹಿ ಸತ್ಯವನ್ನೂ ಮರೆಯಬಾರದು. ಆ ಕಟ್ಟೆಗಳು ಎಲ್ಲ ಜಾತಿಯವರಿಗೂ ಸಮಾನವಾಗಿ ಸಿಗುತ್ತಿರಲಿಲ್ಲ. ಹೆಣ್ಣುಮಕ್ಕಳು ಅಲ್ಲಿ ಕೂತು ಹರಟುವುದಂತೂ ದೂರದ ಮಾತು. ವೈಟ್ ಅವರ ಅಳತೆಗೋಲಿನಲ್ಲಿ ಅಳೆದರೆ ಹಳೆಯ ಕಟ್ಟೆಗೂ ಪೂರ್ತಿ ಅಂಕ ಸಿಗುವುದಿಲ್ಲ.

ಹಳೆಯ ಕಟ್ಟೆಯ ನೆರಳು ಬೇಕು, ಆದರೆ ಎಲ್ಲರಿಗೂ ಬೇಕು. ಹೊಸ ಬಡಾವಣೆಗಳಲ್ಲಿ ಇದು ಇನ್ನೂ ಮುಖ್ಯ. ಶಾಲೆ, ಟ್ಯೂಷನ್, ಮನೆ ಇವುಗಳ ನಡುವೆ ಓಡುವ ಹುಡುಗ ಹುಡುಗಿಯರು ದುಡ್ಡು ಖರ್ಚು ಮಾಡದೆ ಗೆಳೆಯರೊಂದಿಗೆ ಕೂರುವ ಜಾಗ ಯಾವುದು? ಹೋಟೆಲಿನಲ್ಲಿ ಬಿಲ್ಲು ಬರುತ್ತದೆ. ಪಾರ್ಕಿಗೆ ಬೀಗ ಬೀಳುತ್ತದೆ. ಅಂಗಡಿಯ ಮೆಟ್ಟಿಲಲ್ಲಿ ಕೂತರೆ ಎಬ್ಬಿಸುತ್ತಾರೆ. ಆಮೇಲೆ ಮಕ್ಕಳು ಮೊಬೈಲು ಬಿಟ್ಟು ಏಳುವುದಿಲ್ಲವೆಂದು ಹಿರಿಯರು ಕೊರಗುತ್ತಾರೆ.

ಇದನ್ನು ಅರಿಯಲು ಪರದೇಶಕ್ಕೆ ಹೋಗಬೇಕಾಗಿಲ್ಲ. ವೈಟ್ ಮಾಡಿದ ಕೆಲಸವನ್ನು ಹೈಸ್ಕೂಲಿನ ವಿದ್ಯಾರ್ಥಿಗಳೂ ಮಾಡಬಹುದು. ಒಂದು ನೋಟುಬುಕ್ಕು, ಒಂದು ಪೆನ್ಸಿಲು, ಅಳತೆಯ ಟೇಪು ಸಾಕು. ಊರಿನ ಬಸ್ ನಿಲ್ದಾಣವನ್ನೋ ಗ್ರಂಥಾಲಯದ ಅಂಗಳವನ್ನೋ ಆರಿಸಿಕೊಂಡು ಅದರ ನಕ್ಷೆ ಬರೆಯಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಸಲ ಹೋಗಿ, ಎಲ್ಲಿ ಎಷ್ಟು ಮಂದಿ ಕೂತಿದ್ದಾರೆ, ಎಷ್ಟು ಮಂದಿ ನಿಂತಿದ್ದಾರೆ, ಅವರಲ್ಲಿ ಹೆಂಗಸರೆಷ್ಟು, ಮುದುಕರೆಷ್ಟು ಎಂದು ಗುರುತಿಸಬೇಕು. ಬೆಂಚಿನ ಎತ್ತರ, ಅಗಲ ಅಳೆಯಬೇಕು. ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದು ಬರೆಯಬೇಕು. ಒಂದು ವಾರದಲ್ಲಿ ಸಿಗುವ ಈ ಲೆಕ್ಕವನ್ನು ತಂದೆತಾಯಿಗಳ ಜೊತೆ ಹೋಗಿ ಪಂಚಾಯಿತಿ ಅಥವಾ ಪುರಸಭೆಯ ಸದಸ್ಯರ ಮುಂದಿಟ್ಟರೆ, ‘ಬೆಂಚು ಬೇಕು’ ಎಂಬ ಬರೀ ಬೇಡಿಕೆಗಿಂತ ಅದರ ತೂಕ ಹೆಚ್ಚು.

ಮನೆಗೆ ಬಂದವರಿಗೆ ಮೊದಲು ಹೇಳುವ ಮಾತು ‘ಬನ್ನಿ, ಕೂತುಕೊಳ್ಳಿ’ ಎಂದು. ನೀರು, ಬೆಲ್ಲ, ಯೋಗಕ್ಷೇಮ ಎಲ್ಲ ಆಮೇಲೆ. ಒಂದು ಊರು ತನ್ನ ಜನರಿಗೆ ಅದೇ ಮಾತನ್ನು ಹೇಳುವುದು ನೆರಳಿನಲ್ಲಿಟ್ಟ ಒಂದು ಬೆಂಚಿನ ಮೂಲಕ, ಬೀದಿಗೆ ಮುಖ ಮಾಡಿದ ಒಂದು ಕಟ್ಟೆಯ ಮೂಲಕ. ಹೇಳುತ್ತಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ನಾಳೆ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ನಿಂತಿರುವವರನ್ನು ಎಣಿಸಿದರೆ ಸಾಕು.